ಕೂಗಿಗೆ ಜಗ್ಗದ ಹಿಮ ನೀರಿಗೆ ಜಾರುತ್ತದೆ

ಬೆಟ್ಟದಲ್ಲಿ ಜೋರಾಗಿ ಕೂಗಿದರೆ ಹಿಮ ಕುಸಿಯುತ್ತದಂತೆ! ಸಿನಿಮಾಗಳು ಬೆಳೆಸಿದ ಈ ನಂಬಿಕೆ ಸಾಯುವ ಲಕ್ಷಣವೇ ಇಲ್ಲ. ಹಿಮದ ಪದರ ಒಡೆಯಲು ಬೇಕಾದ ಒತ್ತಡದ ನೂರನೇ ಒಂದು ಪಾಲೂ ಮನುಷ್ಯನ ಕೂಗಿನಲ್ಲಿಲ್ಲ. 1910ರ ಮಾರ್ಚ್ 1ರ ನಡುರಾತ್ರಿ ಕಳೆದ ಮೇಲೆ ಅಮೆರಿಕದ ವಾಷಿಂಗ್ಟನ್ ರಾಜ್ಯದ ವೆಲಿಂಗ್ಟನ್‌ನಲ್ಲಿ ಹಿಮ ಕುಸಿದು, ನಿಂತಿದ್ದ ಎರಡು ರೈಲುಗಳನ್ನು ಕಣಿವೆಗೆ ತಳ್ಳಿತು. 96 ಜನ ಸತ್ತರು. ಆಗಲೂ ಅಪವಾದ ಹೊತ್ತದ್ದು ಗುಡುಗು ಸಿಡಿಲು. ದಿನಗಟ್ಟಲೆ ಬಿದ್ದ ಹಿಮದ ಮೇಲೆ ಅಂದು ಮಳೆ ಸುರಿದು ಬೆಚ್ಚನೆಯ ಗಾಳಿ ಬೀಸಿದ್ದು ಹೆಚ್ಚಿನವರ ನೆನಪಿನಲ್ಲೇ ಇಲ್ಲ.

(ಹಿಮ ಸುರಿದರೂ ‘ಹಿಮಪಾತ’, ಜಾರಿದರೂ ‘ಹಿಮಪಾತ’ ಎಂದು ಬರೆಯುವುದು ನಮ್ಮಲ್ಲಿ ರೂಢಿ. ಇಲ್ಲಿನ ಮಾತು ಜಾರುವುದರದ್ದು, ಅಂದರೆ ಹಿಮಕುಸಿತದ್ದು.)

ವಸಂತದಲ್ಲಿ ಹಿಮದ ರಾಶಿ ಮೇಲಿಂದ ತಳದವರೆಗೆ 0 ಡಿಗ್ರಿಗೆ ಬಂದು ನಿಲ್ಲುತ್ತದೆ. ಅಲ್ಲಿಂದ ಮುಂದೆ ಸೇರುವ ಬಿಸಿಲೆಲ್ಲ ನೀರಾಗುತ್ತದೆ. ಆ ನೀರು ನೇರ ನೆಲಕ್ಕಿಳಿದರೆ ತಂಟೆಯಿಲ್ಲ. ಆದರೆ ಸಣ್ಣ ಕಣಗಳ ಪದರದ ಕೆಳಗೆ ದಪ್ಪ ಹರಳುಗಳ ಪದರವಿದ್ದರೆ ಅದು ಗಡಿಯಲ್ಲೇ ತಡೆದು ನಿಲ್ಲುತ್ತದೆ. ಒಗೆದು ಹಗ್ಗಕ್ಕೆ ಹಾಕಿದ ಬಟ್ಟೆ ನೋಡಿ: ಕೆಳಗಿರುವುದು ಬರೀ ಗಾಳಿ, ಆದರೂ ಅಂಚಿನಲ್ಲಿ ನೀರು ಉಳಿದಿರುತ್ತದೆ. ನೂಲಿನ ಕಿರಿದಾದ ಸಂದುಗಳು ಅದನ್ನು ಬಿಟ್ಟುಕೊಡುವುದಿಲ್ಲ. ದಪ್ಪ ಹರಳುಗಳ ನಡುವಿನ ಅಗಲ ಸಂದುಗಳೂ ಆ ಗಾಳಿಯಂತೆಯೇ. ಇನ್ನು ಮರಳು: ತುಸು ತೇವವಿದ್ದರೆ ಗುಬ್ಬಚ್ಚಿ ಗೂಡು ನಿಲ್ಲುತ್ತದೆ, ಕೊಡ ನೀರು ಸುರಿದರೆ ಕರಗಿ ಹರಡಿಹೋಗುತ್ತದೆ. ಹಿಮವೂ ಹಾಗೇ. ಕಣಗಳನ್ನು ಬೆಸೆದಿದ್ದ ಮಂಜುಗಡ್ಡೆಯ ಕೊಂಡಿಗಳು ನೀರು ನಿಂತಲ್ಲಿ ಕರಗುತ್ತವೆ; ಅವುಗಳ ಆಸರೆಯಲ್ಲಿದ್ದ ಮೇಲಿನ ಹಾಸು ಹೊರಟೇಬಿಡುತ್ತದೆ. ಒಣಗಿದ್ದ ರಾಶಿ ಮೊದಲ ಸಲ ತೋಯುವಾಗ ಅಪಾಯ ಹೆಚ್ಚು. ನೀರು ತನ್ನ ಕಾಲುವೆಗಳನ್ನು ಕೊರೆದುಕೊಂಡ ಮೇಲೆ ಅದೇ ಇಳಿಜಾರು ಎಷ್ಟೋ ಸ್ಥಿರ.

ಪರೀಕ್ಷೆ ಸುಲಭ. ಹಿಮವನ್ನು ಮುಷ್ಟಿಯಲ್ಲಿ ಹಿಡಿದು ಮೆಲ್ಲಗೆ ಹಿಂಡಿ. ಉಂಡೆಯಾದರೆ ತೇವವಿದೆ ಎಂದರ್ಥ. ನೀರು ಹೊರಬಂದರೆ ಅದರ ಪ್ರಮಾಣ ಗಾತ್ರದಲ್ಲಿ ಶೇ 8 ದಾಟಿದೆ. ಇಳಿಜಾರಿನಲ್ಲಿ ಹಿಮದ ಚಕ್ರಗಳು ತಾವಾಗಿ ಸುತ್ತಿಕೊಳ್ಳುತ್ತ ಉರುಳುತ್ತಿದ್ದರೆ, ಅಥವಾ ಬೂಟು ಹಿಮ್ಮಡಿಗಂಟಿನ ಮೇಲಕ್ಕೂ ಹೂತುಹೋದರೆ, 30ರಿಂದ 45 ಡಿಗ್ರಿ ಓರೆಯ ಜಾಗಗಳಿಂದ, ಅವುಗಳ ಬುಡದಿಂದಲೂ, ಹೊರಬರಬೇಕು. ಬಿಸಿಲು ಮೊದಲು ಮೆತ್ತಗಾಗಿಸುವುದು ಪೂರ್ವದ ಮೈಯನ್ನು, ಪಶ್ಚಿಮದ ಸರದಿ ಮಧ್ಯಾಹ್ನ.

ಇಷ್ಟಾದರೂ ದಿನದ ಹಣೆಬರಹ ಬರೆಯುವುದು ಹಿಂದಿನ ರಾತ್ರಿ. ಆಕಾಶ ನಿರ್ಮಲವಾಗಿದ್ದರೆ ಹಿಮದ ಮೈ ಶಾಖವನ್ನು ಮೇಲಕ್ಕೆ ಸೂಸಿ, ಗಾಳಿ 0 ಡಿಗ್ರಿಗಿಂತ ತುಸು ಬೆಚ್ಚಗಿದ್ದರೂ ಹೆಪ್ಪುಗಟ್ಟುತ್ತದೆ. ಮೋಡ ಕವಿದರೆ ಆ ಶಾಖ ಹಿಂದಿರುಗುತ್ತದೆ, ರಾಶಿ ನೆನ್ನೆಯ ನೀರನ್ನು ಹೊತ್ತೇ ಬೆಳಗು ಕಾಣುತ್ತದೆ. ಬೆಳಗ್ಗೆ ಮೇಲೊಂದು ಗಟ್ಟಿ ಹೊರಪದರ ಕಂಡಿತೆಂದು ಹೊರಡಬೇಡಿ. ಕೋಲಿನಿಂದ ಚುಚ್ಚಿ. ಎರಡೇ ಸೆಂಟಿಮೀಟರ್ ಗಟ್ಟಿಯಿದ್ದು ಕೆಳಗೆ ಒದ್ದೆ ಹಿಮ ಸಿಕ್ಕರೆ, ಬಿಸಿಲೇರಿದ ಸ್ವಲ್ಪ ಹೊತ್ತಿಗೇ ಆ ಹೊರಪದರ ಕರಗಿಹೋಗುತ್ತದೆ.