ಟ್ಯಾಂಕಿನೊಳಗಿನ ಮಳೆ

ಗಾಳಿಯನ್ನೆಲ್ಲ ಬಿಟ್ಟು ಒತ್ತಡ ತೋರಿಸುವ ಮುಳ್ಳು ಸೊನ್ನೆಗೆ ಬಂದ ಮೇಲೆ ಮೇಸ್ತ್ರಿ ಟ್ಯಾಂಕಿನ ಅಡಿಯ ಪೈಪಿನ ನಟ್ಟು ಸಡಿಲ ಮಾಡಿದರು. ನಾನು ಕೆಳಗೆ ಸ್ಟೀಲ್ ಲೋಟ ಹಿಡಿದಿದ್ದೆ. ಹಾಲು ಹಾಕದ ಚಹಾದ ಬಣ್ಣದ ನೀರು ಸುರಿಯಿತು. ನೋಡನೋಡುತ್ತ ಅರ್ಧ ಲೋಟ ತುಂಬಿತು. ತಳದಲ್ಲಿ ತುಕ್ಕಿನ ಚಕ್ಕೆಗಳು ಕೂತವು, ಸಾಸಿವೆ ಕಾಳಿಗಿಂತ ಸಣ್ಣವು.

ಅದು ಲಾರಿಯ ಗಾಳಿ ಟ್ಯಾಂಕು, ಲಾರಿಯ ಭಾರ ಹೊರುವ ಬಲೂನುಗಳಿಗೆ ಗಾಳಿ ಕೊಡುವಂಥದ್ದು. ಅದಕ್ಕೆ ಯಾರೂ ನೀರು ಹಾಕಿರಲಿಲ್ಲ. ಕೂರಿಸಿ ಒಂದು ತಿಂಗಳಾಗಿತ್ತು ಅಷ್ಟೆ. "ಮಳೆ ನೀರು ಹೊಕ್ಕಿದೆ ಮಾರಾಯ್ರೆ" ಅಂದರು ಮೇಸ್ತ್ರಿ. ಪಕ್ಕದಲ್ಲಿ ನಿಂತಿದ್ದ ಇನ್ನೊಬ್ಬರು, "ಕಾರವಾರದ ಹವೆ ಅಲ್ವಾ, ಸಮುದ್ರದ ನೀರನ್ನೇ ಎಳ್ಕೊಳ್ತದೆ" ಅಂದರು. ಟ್ಯಾಂಕಿನಲ್ಲಿದ್ದದ್ದು ಚದರ ಸೆಂ.ಮೀ.ಗೆ 8 ಕೆಜಿ ಒತ್ತಡ. ಎಲ್ಲಾದರೂ ತೂತಿದ್ದರೆ ಗಾಳಿ ಹೊರಗೆ ನುಗ್ಗುತ್ತದೆಯೇ ಹೊರತು ಮಳೆ ಒಳಗೆ ಬರುವುದಿಲ್ಲ. ಆ ನೀರು ಹುಟ್ಟಿದ್ದು ಟ್ಯಾಂಕಿನ ಒಳಗೇ. ಅದು ಹೇಗೆ ಅನ್ನುವುದು ನನಗೆ ಎಷ್ಟು ಸಲ ಯೋಚಿಸಿದರೂ ಬೇಸರ ಬಾರದ ವಿಷಯ.

ಲಾರಿ ನನ್ನ ಅಪ್ಪಚ್ಚಿಯದು. ಶಿರಸಿ ಕಡೆ ನಮ್ಮ ಮನೆಗಳಲ್ಲಿ ಚಿಕ್ಕಪ್ಪನನ್ನು ಹಾಗೆ ಕರೆಯುತ್ತೇವೆ. 1960ರ ದಶಕದ ಟಾಟಾ ಮರ್ಸಿಡಿಸ್ ಬೆಂಜ್, ಮೂತಿಯ ಮೇಲೆ ಇನ್ನೂ ಮೂರು ಮೊನೆಯ ನಕ್ಷತ್ರ ಇದೆ. ಟಾಟಾದವರು ಜರ್ಮನಿಯ ಡೈಮ್ಲರ್ ಬೆಂಜ್ ಜೊತೆ ಒಪ್ಪಂದ ಮಾಡಿಕೊಂಡು 1954ರಲ್ಲಿ ಲಾರಿ ಮಾಡಲು ಶುರು ಮಾಡಿದರು. 1969ರಲ್ಲಿ ಒಪ್ಪಂದ ಮುಗಿಯಿತು, ನಕ್ಷತ್ರವೂ ಹೋಯಿತು. ಅಂಥ ಗಾಡಿಯನ್ನು ಅಪ್ಪಚ್ಚಿ ಮಗುವಿನ ಹಾಗೆ ನೋಡಿಕೊಳ್ಳುತ್ತಾರೆ. ಈಗ ಅದು ಲೋಡು ಹೊರುವುದಿಲ್ಲ. ಹಬ್ಬಕ್ಕೋ ಜಾತ್ರೆಗೋ ಮನೆಯವರನ್ನೆಲ್ಲ ಹತ್ತಿಸಿಕೊಂಡು ಹೋಗುತ್ತದೆ.

ಆದರೆ ಖಾಲಿ ಲಾರಿಯಲ್ಲಿ ಕೂತವರ ಸೊಂಟ ಉಳಿಯುವುದಿಲ್ಲ. ಸ್ಪ್ರಿಂಗ್ ಆಗಿ ಕೆಲಸ ಮಾಡುವ ಉಕ್ಕಿನ ಕಮಾನು ಪಟ್ಟಿಗಳನ್ನು ಲೆಕ್ಕ ಹಾಕಿದ್ದು ತುಂಬಿದ ಲೋಡಿಗೆ. ಟನ್ನುಗಟ್ಟಲೆ ಭಾರ ಬಿದ್ದಾಗ ಬಗ್ಗಬೇಕಾದ ಉಕ್ಕು ಹತ್ತು ಜನ ಕೂತರೆ ಅಲ್ಲಾಡುವುದೂ ಇಲ್ಲ. ಹಾಗಾಗಿ ಹಿಂದಿನ ಕೆಲವು ಪಟ್ಟಿ ಬಿಚ್ಚಿ, ಆಕ್ಸೆಲ್ ಮತ್ತು ಚಾಸಿ (ಲಾರಿಯ ಅಡಿಯ ಉಕ್ಕಿನ ಚೌಕಟ್ಟು) ನಡುವೆ ಎರಡು ಗಾಳಿ ಬಲೂನು ಕೂರಿಸಿದರು. ಪಟ್ಟಿಗಳನ್ನು ಪೂರ್ತಿ ತೆಗೆಯುವಂತಿಲ್ಲ. ಭಾರ ಹೊರುವುದರ ಜೊತೆಗೆ ಆಕ್ಸೆಲ್ಲನ್ನು ಅದರ ಜಾಗದಲ್ಲಿ ಹಿಡಿದಿಡುವ ಕೆಲಸವೂ ಅವುಗಳದ್ದೇ. ಬಲೂನು ಭಾರ ಹೊರುತ್ತದೆ, ಆಕ್ಸೆಲ್ಲನ್ನು ಹಿಡಿಯುವುದಿಲ್ಲ.

ಟ್ಯಾಂಕು ತರುವಾಗ ಅಪ್ಪಚ್ಚಿ ಕೇಳಿದ್ದರು, "ದೊಡ್ಡ ಟ್ಯಾಂಕು ಹಾಕಿರೆ ಜಾಸ್ತಿ ಲೋಡು ತಡೀತಲ್ದ ತಮಾ?" ಅಂತ. ತುಂಬಾ ಜನ ಹೀಗೇ ಅಂದುಕೊಂಡಿದ್ದಾರೆ. ಭಾರ ಹೊರುವುದು ಬಲೂನಿನೊಳಗಿನ ಒತ್ತಡ ಮತ್ತು ಬಲೂನಿನ ಅಗಲ. 20 ಸೆಂ.ಮೀ. ಅಗಲದ ದುಂಡನೆಯ ಬಲೂನಿಗೆ ಸುಮಾರು 314 ಚದರ ಸೆಂ.ಮೀ. ವಿಸ್ತೀರ್ಣ. ಒಂದೊಂದು ಚದರ ಸೆಂ.ಮೀ. ಮೇಲೂ 5 ಕೆಜಿ ಒತ್ತಿದರೆ ಒಂದು ಬಲೂನು 1,570 ಕೆಜಿ ಎತ್ತುತ್ತದೆ. ಈ ಲೆಕ್ಕದಲ್ಲಿ ಟ್ಯಾಂಕಿನ ಹೆಸರೇ ಇಲ್ಲ. ಟ್ಯಾಂಕು ಮನೆಯ ಮಾಡಿನ ಮೇಲಿನ ಸಿಂಟೆಕ್ಸ್ ಇದ್ದ ಹಾಗೆ. ಪಂಪು ನಿಧಾನಕ್ಕೆ ತುಂಬಿಸುತ್ತದೆ, ನಲ್ಲಿ ತಿರುಗಿಸಿದ ತಕ್ಷಣ ನೀರು ಬರುತ್ತದೆ. ತಲಾ 5 ಲೀಟರಿನ ಎರಡು ಬಲೂನನ್ನು 1 ಕೆಜಿಯಿಂದ 5 ಕೆಜಿಗೆ ಏರಿಸಿದರೆ 20 ಲೀಟರಿನ ಟ್ಯಾಂಕಿನ ಮುಳ್ಳು 8ರಿಂದ 6ಕ್ಕೆ ಇಳಿಯುತ್ತದೆ. ಟ್ಯಾಂಕು ದೊಡ್ಡದಾದರೆ ಮುಳ್ಳು ಕಡಿಮೆ ಇಳಿಯುತ್ತದೆ, ಗಾಳಿ ಒತ್ತಿ ತುಂಬಿಸುವ ಕಂಪ್ರೆಸರಿಗೆ ಉಸಿರು ಸಿಗುತ್ತದೆ. ಅದರ ಲಾಭ ಅಷ್ಟೆ.

ಗಾಳಿಯನ್ನು ಸ್ಪ್ರಿಂಗ್ ಅಂತ ಮೊದಲು ಕರೆದದ್ದು ಲಾರಿಯವರಲ್ಲ. 1660ರಲ್ಲಿ ವಿಜ್ಞಾನಿ ರಾಬರ್ಟ್ ಬಾಯ್ಲ್ ಬರೆದ ಪುಸ್ತಕದ ಹೆಸರಿನಲ್ಲೇ 'ಗಾಳಿಯ ಸ್ಪ್ರಿಂಗ್' ಅನ್ನುವ ಮಾತಿದೆ. ಗಾಳಿ ಕುರಿಯ ಉಣ್ಣೆಯ ರಾಶಿಯ ಹಾಗೆ, ಒತ್ತಿದರೆ ಕುಗ್ಗುತ್ತದೆ, ಕೈ ತೆಗೆದರೆ ಉಬ್ಬುತ್ತದೆ ಅಂತ ಆತ ವಿವರಿಸಿದ. 1662ರಲ್ಲಿ ಅದರ ಲೆಕ್ಕವನ್ನೂ ಕೊಟ್ಟ. ಜಾಗ ಅರ್ಧ ಮಾಡಿದರೆ ಒತ್ತಡ ಎರಡರಷ್ಟು. ಬಾಯ್ಲ್‌ಗೆ ಗಾಳಿ ಪಂಪು ಮಾಡಿಕೊಟ್ಟವನು ರಾಬರ್ಟ್ ಹುಕ್. ಉಕ್ಕಿನ ಸ್ಪ್ರಿಂಗ್ ಎಷ್ಟು ಎಳೆದರೆ ಎಷ್ಟು ಬಲ ಅನ್ನುವ ನಿಯಮ ಇವತ್ತಿಗೂ ಇರುವುದು ಇದೇ ಹುಕ್‌ನ ಹೆಸರಿನಲ್ಲಿ. ಅಪ್ಪಚ್ಚಿಯ ಲಾರಿಯ ಹಿಂದೆ ಕಮಾನು ಪಟ್ಟಿಯೂ ಬಲೂನೂ ಅಕ್ಕಪಕ್ಕ ಇವೆ. ಮುನ್ನೂರೈವತ್ತು ವರ್ಷದ ಹಿಂದೆ ಒಂದೇ ಕೋಣೆಯಲ್ಲಿ ಕೆಲಸ ಮಾಡಿದ ಇಬ್ಬರು ಒಂದೇ ಆಕ್ಸೆಲ್ಲಿನ ಮೇಲೆ ಕೂತ ಹಾಗೆ ನನಗೆ ಕಾಣುತ್ತದೆ. ಅಮೆರಿಕದಲ್ಲಿ 1953ರ ಹೊತ್ತಿಗೆ ಗ್ರೇಹೌಂಡ್ ಬಸ್ಸುಗಳು ಗಾಳಿಯ ಮೇಲೆ ಓಡುತ್ತಿದ್ದವು. ಇವತ್ತು ಕಾರವಾರ ಸ್ಟೇಷನ್ನಿನಲ್ಲಿ ನಿಲ್ಲುವ ವಂದೇ ಭಾರತ್ ರೈಲಿನ ಬೋಗಿಗಳೂ ಗಾಳಿ ಬಲೂನಿನ ಮೇಲೇ ಕೂತಿವೆ.

ಸರಿ, ನೀರಿಗೆ ಬರೋಣ.

ಮಳೆಗಾಲದಲ್ಲಿ ಕರಾವಳಿಯ ಗಾಳಿಯಲ್ಲಿ ನೀರಿನ ಆವಿ ತುಂಬಿರುತ್ತದೆ. ಒಗೆದ ಬಟ್ಟೆ ಮೂರು ದಿನವಾದರೂ ಒಣಗದ್ದು ಇದಕ್ಕೇ. 30 ಡಿಗ್ರಿಯಲ್ಲಿ ಒಂದು ಘನ ಮೀಟರ್ ಜಾಗದಲ್ಲಿ ಜಾಸ್ತಿ ಅಂದರೆ 30 ಗ್ರಾಂ ಆವಿ ಇರಬಹುದು. ಇಲ್ಲೇ ಎಲ್ಲರೂ ಎಡವುವುದು. ಆ 30 ಗ್ರಾಂ ಮಿತಿ ಜಾಗದ್ದು, ಗಾಳಿಯದ್ದಲ್ಲ. ಅದೇ ಜಾಗದಲ್ಲಿ ಗಾಳಿ ಒಂದು ಪಾಲು ಇರಲಿ, ಒಂಬತ್ತು ಪಾಲು ಇರಲಿ, ಆವಿಗೆ ಸಿಗುವ ಸೀಟು ಅಷ್ಟೇ. ಕುಮಟಾ ಬಸ್ ಸ್ಟ್ಯಾಂಡಿನಲ್ಲಿ ಒಂಬತ್ತು ಬಸ್ಸಿನ ಜನರನ್ನು ಒಂದೇ ಬಸ್ಸಿಗೆ ತುರುಕಿದೆವು ಅಂದುಕೊಳ್ಳಿ. ಗಾಳಿಯ ಕಣಗಳು ನಿಂತೇ ಹೋಗುವವರು, ಎಷ್ಟು ಒತ್ತಿದರೂ ನಿಲ್ಲುತ್ತಾರೆ. ಆವಿಯ ಕಣಗಳು ಸೀಟಿಲ್ಲದೆ ಹೋಗದವರು. ಸೀಟು ತುಂಬಿತು ಅಂದರೆ ಉಳಿದವರು ಇಳಿಯಲೇಬೇಕು. ಇಳಿಯುವುದು ಅಂದರೆ ಹನಿಯಾಗುವುದು.

ಲೆಕ್ಕ ಹಾಕಿಯೇ ನೋಡೋಣ. ಮುಳ್ಳು ಸೊನ್ನೆ ಇದ್ದಾಗಲೂ ಟ್ಯಾಂಕಿನಲ್ಲಿ ಒಂದು ಪಾಲು ಗಾಳಿ ಇದ್ದೇ ಇರುತ್ತದೆ, ಹಾಗಾಗಿ 20 ಲೀಟರಿನ ಟ್ಯಾಂಕಿನಲ್ಲಿ ಮುಳ್ಳು 8 ತೋರಿಸಿದರೆ ಒಳಗಿರುವುದು ಒಂಬತ್ತು ಪಾಲು, ಅಂದರೆ ಹೊರಗಿನ 180 ಲೀಟರ್ ಗಾಳಿ. ಮಳೆಗಾಲದ ಆ ಗಾಳಿಯಲ್ಲಿ ಘನ ಮೀಟರಿಗೆ 26 ಗ್ರಾಂ ಆವಿ ಅಂತ ಹಿಡಿದರೆ ಅದರ ಜೊತೆ ಬಂದ ಆವಿ ಸುಮಾರು 4.7 ಗ್ರಾಂ. 20 ಲೀಟರ್ ಜಾಗದಲ್ಲಿ ಆವಿಯಾಗಿ ಇರಬಹುದಾದದ್ದು 0.6 ಗ್ರಾಂ. ಉಳಿದ 4 ಗ್ರಾಂ ಎಲ್ಲಿಗೆ ಹೋಗಬೇಕು? ತಳಕ್ಕೆ. ಒಂದು ಸಲ ತುಂಬಿದರೆ ಹೆಚ್ಚುಕಡಿಮೆ ಒಂದು ಚಮಚ ನೀರು. ಇಪ್ಪತ್ತೈದು ಸಲ ತುಂಬಿದರೆ ಅರ್ಧ ಲೋಟ. ನಾನು ಹಿಡಿದ ಲೋಟದ ಲೆಕ್ಕ ಸರಿಹೋಯಿತು.

ಹನಿಯಾಗುವುದು ಕೂಡಲೇ ಅಲ್ಲ. ಸೈಕಲ್ ಪಂಪು ಹೊಡೆದವರಿಗೆ ಗೊತ್ತು, ಗಾಳಿ ಒತ್ತಿದರೆ ಪಂಪಿನ ತುದಿ ಬಿಸಿಯಾಗುತ್ತದೆ. ಕಂಪ್ರೆಸರಿನಿಂದ ಬರುವ ಗಾಳಿ ಕೈ ಸುಡುವಷ್ಟು ಬಿಸಿ. ಬಿಸಿ ಜಾಗದಲ್ಲಿ ಆವಿಗೆ ಸೀಟು ಜಾಸ್ತಿ. ಟ್ಯಾಂಕಿಗೆ ಬಂದು ತಣಿಯುತ್ತಿದ್ದ ಹಾಗೆ ಸೀಟು ಕಡಿಮೆಯಾಗುತ್ತ ಬರುತ್ತದೆ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ತೊಟ್ಟಿಕ್ಕುತ್ತದಲ್ಲ, ಅದೇ. ಮುರುಗಲ ಶರಬತ್ತಿನ ತಣ್ಣನೆ ಗ್ಲಾಸಿನ ಹೊರಗೆ ಬೆವರು ಮೂಡುತ್ತದಲ್ಲ, ಅದೂ ಇದೇ. ಇನ್ನೂ ದೊಡ್ಡ ಉದಾಹರಣೆ ಬೇಕಾದರೆ ಕುಮಟಾ-ಶಿರಸಿ ದಾರಿಯ ದೇವಿಮನೆ ಘಟ್ಟ ನೋಡಿ. ಸಮುದ್ರದ ಗಾಳಿ ಘಟ್ಟಕ್ಕೆ ಡಿಕ್ಕಿ ಹೊಡೆದು ಮೇಲೇರುತ್ತದೆ. ಮೇಲೆ ಒತ್ತಡ ಕಡಿಮೆ, ಹಾಗಾಗಿ ಹಿಗ್ಗುತ್ತದೆ, ಹಿಗ್ಗಿ ತಣಿಯುತ್ತದೆ, ಮಳೆ ಸುರಿಸುತ್ತದೆ. ಟ್ಯಾಂಕಿನಲ್ಲಿ ಗಾಳಿಯನ್ನು ಹಿಂಡುತ್ತೇವೆ, ಘಟ್ಟದಲ್ಲಿ ಅದು ಹಿಗ್ಗುತ್ತದೆ. ದಾರಿ ಬೇರೆ, ಕೊನೆಗೆ ಆವಿಗೆ ಜಾಗ ಸಾಲದೆ ಹೋಗುವುದು ಒಂದೇ. ನಮ್ಮ ಜಿಲ್ಲೆಯ ಆಷಾಢವನ್ನೇ ಕಬ್ಬಿಣದ ಡಬ್ಬಿಯಲ್ಲಿ ಹಾಕಿಕೊಂಡು ಅಪ್ಪಚ್ಚಿ ಓಡಾಡುತ್ತಿದ್ದರು!

ಲಾರಿ ಕೈಕೊಟ್ಟದ್ದೂ ಅದೇ ಘಟ್ಟದಲ್ಲಿ. ತಿರುವಿನಲ್ಲಿ ಎಡಕ್ಕೆ ವಾಲಿದ್ದು ಮತ್ತೆ ನೆಟ್ಟಗಾಗಲೇ ಇಲ್ಲ. ಎಡಗಡೆ ಬಲೂನಿಗೆ ಗಾಳಿ ಬಿಡುವ ವಾಲ್ವು ತುಕ್ಕಿನ ಚಕ್ಕೆ ಸಿಕ್ಕಿ ಮುಚ್ಚಿಕೊಂಡಿತ್ತು. ಹಿಂದೆ ಮಕ್ಕಳು ಕೂತಿದ್ದರು. ಹೇಗೋ ಮೆಲ್ಲಗೆ ಶಿರಸಿ ತಲುಪಿದರು. ಮನೆಯಲ್ಲಿ ಎಲ್ಲರೂ ಹೇಳಿದ್ದು ದೃಷ್ಟಿ ಆಗಿದೆ ಅಂತ. ಹೊಸ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದರು. ದೇವಿಮನೆಯಲ್ಲಿ ಗಾಡಿ ನಿಲ್ಲಿಸಿ ಕೈಮುಗಿಯುವುದಕ್ಕೆ ನನ್ನ ತಕರಾರಿಲ್ಲ, ನಾನೂ ಮುಗಿಯುತ್ತೇನೆ. ಆದರೆ ನಿಂಬೆಹಣ್ಣು ಕಟ್ಟಿ ಸಮಾಧಾನವಾದ ಮೇಲೆ ಲಾರಿಯ ಅಡಿ ಯಾರೂ ಬಗ್ಗಿ ನೋಡಲಿಲ್ಲವಲ್ಲ, ಅದು ನನಗೆ ನಿಜವಾಗಿ ಹೆದರಿಕೆ ತಂದಿತು. ಮುಂದಿನ ವಾರ ಅದೇ ಮಕ್ಕಳು, ಅದೇ ತಿರುವು. ಹಟ ಹಿಡಿದು ಕಾರವಾರದ ಗ್ಯಾರೇಜಿಗೆ ನಾನೇ ಜೊತೆಗೆ ಹೋದೆ.

ತಪ್ಪು ಸಣ್ಣದು. ಟ್ಯಾಂಕಿಗೆ ನಾಲ್ಕಾರು ತೂತು ಇರುತ್ತವೆ. ಜಾಗ ಸಾಲಲಿಲ್ಲ ಅಂತ ಮೇಸ್ತ್ರಿ ಟ್ಯಾಂಕನ್ನು ತಿರುಗಿಸಿ ಕೂರಿಸಿದ್ದರು. ನೀರು ಬಿಡುವ ಡ್ರೈನ್ ಕಾಕ್ ಬದಿಗೆ ಬಂದಿತ್ತು. ಬಲೂನಿಗೆ ಹೋಗುವ ಪೈಪು ತಳಕ್ಕೆ ಬಂದಿತ್ತು. ನೀರು, ತುಕ್ಕು ಎರಡೂ ಸೀದಾ ವಾಲ್ವಿಗೆ ಹೋಗದೆ ಇನ್ನೆಲ್ಲಿಗೆ ಹೋಗುತ್ತವೆ? ಈಗ ಕಂಪ್ರೆಸರಿನಿಂದ ಬರುವ ಪೈಪು ಮೇಲೆ, ಬಲೂನಿನ ಪೈಪೂ ಮೇಲ್ಭಾಗದಲ್ಲಿ, ಡ್ರೈನ್ ಕಾಕ್ ಎಲ್ಲಕ್ಕಿಂತ ಕೆಳಗೆ. ಕಂಪ್ರೆಸರು ಮತ್ತು ಟ್ಯಾಂಕಿನ ನಡುವೆ ಒಂದಿಷ್ಟು ಉದ್ದದ ತಾಮ್ರದ ಪೈಪು ಹಾಕಿದರು. ಗಾಳಿ ಅಲ್ಲೇ ತಣಿದು ನೀರು ಟ್ಯಾಂಕಿನಲ್ಲೇ ಉಳಿಯಲಿ, ವಾಲ್ವಿನವರೆಗೆ ಹೋಗಿ ಹನಿಯಾಗುವುದು ಬೇಡ ಅಂತ. ಪೈಪು ಎಲ್ಲೂ ಜೋತು ಬೀಳದೆ ಟ್ಯಾಂಕಿನ ಕಡೆಗೆ ಇಳಿಜಾರಾಗಿರಬೇಕು.

ಟ್ಯಾಂಕಿನ ಕ್ಲಾಂಪಿಗೆ ಚಾಸಿಯ ಕೆಳಗಿನ ಅಂಚಿನಲ್ಲಿ ತೂತು ಹೊಡೆಯಲು ಹೊರಟಿದ್ದರು. ಅದನ್ನು ತಡೆದೆ. ನಮ್ಮ ಕಡೆ ಹಳ್ಳಕ್ಕೆ ಅಡಿಕೆ ಮರದ ಸಂಕ ಹಾಕುತ್ತೇವಲ್ಲ, ಅದರ ಮೇಲೆ ನಡೆದರೆ ಮರ ಬಗ್ಗುತ್ತದೆ. ಮೇಲ್ಮೈ ಒತ್ತಿಕೊಳ್ಳುತ್ತದೆ, ಅಡಿಭಾಗ ಎಳೆದುಕೊಳ್ಳುತ್ತದೆ, ನಡುವಿನ ತಿರುಳಿಗೆ ಎರಡೂ ಅಷ್ಟಾಗಿ ಇಲ್ಲ. ಸಂಕ ಮುರಿಯುವಾಗ ಅಡಿಯ ನಾರು ಮೊದಲು ಹರಿಯುತ್ತದೆ. ಚಾಸಿಯೂ ಹಾಗೇ. ಕೆಳಗಿನ ಅಂಚಿನಲ್ಲಿ ತೂತು ಹೊಡೆದರೆ ಬಿರುಕಿಗೆ ಬಾಗಿಲು ತೆಗೆದುಕೊಟ್ಟ ಹಾಗೆ. ನಡುವಿನ ನೆಟ್ಟನೆ ಗೋಡೆಯಲ್ಲಿ, ಅರ್ಧ ಎತ್ತರದ ಹತ್ತಿರ ತೂತು ಹೊಡೆದು ಬೋಲ್ಟು ಹಾಕಬೇಕು. ವೆಲ್ಡಿಂಗ್ ಬೇಡ, ಅದರ ಕಾವಿಗೆ ಸುತ್ತಲಿನ ಉಕ್ಕಿನ ಗುಣವೇ ಬದಲಾಗುತ್ತದೆ.

ಗ್ಯಾರೇಜಿನಲ್ಲಿ ಯಾರೋ ಹಳೇ ಗ್ಯಾಸ್ ಸಿಲಿಂಡರನ್ನೇ ಟ್ಯಾಂಕು ಮಾಡಬಹುದಲ್ಲ ಅಂದರು. ದಯವಿಟ್ಟು ಬೇಡ. 20 ಲೀಟರಿನ ಟ್ಯಾಂಕು 8 ಕೆಜಿಯಲ್ಲಿ ಒಡೆದರೆ ಹೊರಬೀಳುವ ಶಕ್ತಿ ಸುಮಾರು 13,000 ಜೂಲ್. ಒಂದು ಕ್ವಿಂಟಲ್ ಅಡಿಕೆ ಚೀಲವನ್ನು ಅಡಿಕೆ ಮರದ ತುದಿಗೆ ಎಸೆಯುವಷ್ಟು. ಟ್ಯಾಂಕನ್ನು ನೀರು ತುಂಬಿ ಪರೀಕ್ಷೆ ಮಾಡುವುದು ಇದಕ್ಕೇ. ನೀರನ್ನು ಒತ್ತಿದರೂ ಅದು ಕುಗ್ಗುವುದು ತೀರಾ ಕಡಿಮೆ, ಹಾಗಾಗಿ ಶಕ್ತಿ ಕೂಡಿಟ್ಟುಕೊಳ್ಳುವುದಿಲ್ಲ. ಒಡೆದರೂ ಚಿಮ್ಮಿ ಸುಮ್ಮನಾಗುತ್ತದೆ. ಗಾಡಿಗೆ ಗಾಳಿ ಬ್ರೇಕ್ ಇದ್ದರೆ ಬ್ರೇಕಿನ ಟ್ಯಾಂಕಿಗೆ ಸುಮ್ನೆ ಪೈಪು ಜೋಡಿಸಲೂಬಾರದು. ನಡುವೆ ರಕ್ಷಣಾ ವಾಲ್ವು ಇಲ್ಲದಿದ್ದರೆ ಬಲೂನು ಸೋರಿದಾಗ ಬ್ರೇಕೂ ಹೋಗುತ್ತದೆ. ಇನ್ನೊಂದು ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿಯ ಮೂಲ ರಚನೆ ಬದಲಿಸುವುದಕ್ಕೆ ಮಿತಿ ಹಾಕಿದೆ. ಆರ್‌ಟಿಓದಲ್ಲಿ ಮೊದಲೇ ಕೇಳಿಕೊಳ್ಳಬೇಕು.

ಡಿಸೆಂಬರಿನಲ್ಲಿ ಅಪ್ಪಚ್ಚಿ ಗಾಬರಿಯಿಂದ ಫೋನು ಮಾಡಿದರು. ಮಧ್ಯಾಹ್ನ ಕಾರವಾರದಲ್ಲಿ 8 ಇದ್ದ ಮುಳ್ಳು ಶಿರಸಿಯಲ್ಲಿ ಬೆಳಗಾಗುವಾಗ ಏಳೂವರೆ. ಸೋರುತ್ತಿದೆ, ಇಲ್ಲವೇ ಮತ್ತೆ ದೃಷ್ಟಿ! ಎರಡೂ ಅಲ್ಲ. 30 ಡಿಗ್ರಿಯ ಗಾಳಿ ರಾತ್ರಿ 15 ಡಿಗ್ರಿಗೆ ತಣಿದರೆ ಒತ್ತಡ ನೂರಕ್ಕೆ ಐದು ಪಾಲು ಇಳಿಯಲೇಬೇಕು. ಬಿಸಿಲೇರಿದ ಮೇಲೆ ನೋಡಿ ಅಂದೆ. ಮುಳ್ಳು ತಾನಾಗಿ ಮೇಲೆ ಬಂದಿತ್ತು.

ಈಗ ಗಾಡಿ ತೆಗೆದ ದಿನವೆಲ್ಲ ಸಂಜೆ ಡ್ರೈನ್ ಕಾಕ್ ತಿರುಗಿಸಿ, ಬಂದ ನೀರನ್ನು ಚಮಚದಲ್ಲಿ ಅಳೆಯುತ್ತಾರೆ. ಸಾಮಾನ್ಯವಾಗಿ ಅರ್ಧ ಚಮಚ. ಮೊನ್ನೆ ಮೂರು ಚಮಚ ಬಂತಂತೆ. ಅಷ್ಟು ನೀರು ಬರಬೇಕಾದರೆ ಕಂಪ್ರೆಸರು ಅಷ್ಟು ಸಲ ತುಂಬಿಸಿರಬೇಕು, ತುಂಬಿಸಿದ ಗಾಳಿ ಎಲ್ಲೋ ಹೋಗುತ್ತಿರಬೇಕು ಅಂತ ಅವರೇ ಲೆಕ್ಕ ಹಾಕಿದರು. ಸೋಪಿನ ನೊರೆ ಹಚ್ಚುತ್ತ ಒಂದೊಂದೇ ಜಾಯಿಂಟ್ ನೋಡಿದರು. ಬಲಗಡೆ ಬಲೂನಿನ ಬುಡದಲ್ಲಿ ಗುಳ್ಳೆ ಏಳುತ್ತಿತ್ತು.