ಇಪ್ಪತ್ತೇಳು ಕೋಟಿ ಹೆಚ್ಚೋ, ಕಡಿಮೆಯೋ

ದಾವಣಗೆರೆಯ ದುಗ್ಗಮ್ಮನ ಜಾತ್ರೆಯಲ್ಲಿ ಕುಸ್ತಿಗೆ ಎಷ್ಟೇ ಜನ ಕಿಕ್ಕಿರಿದರೂ, ಪೈಲ್ವಾನರ ಪಟ್ಟುಗಳು ಕಾಣುವುದು ಕಣದ ಸುತ್ತ ನಿಂತವರಿಗೆ ಮಾತ್ರ. ಅದೇ ಊರಿನ ವೇಗಿ ಆರ್. ವಿನಯ್ ಕುಮಾರ್ ಐಪಿಎಲ್‌ನಲ್ಲಿ ಎಸೆದ ಚೆಂಡುಗಳನ್ನು ಟಿ.ವಿ.ಯಲ್ಲಿ ಕೋಟ್ಯಂತರ ಮಂದಿ ನೋಡಿದರು. ಗರಡಿಯ ಬೆವರು ಅಗ್ಗದ್ದೇನಲ್ಲ. ಆದರೆ ಒಬ್ಬರ ಆಟ ಹೆಚ್ಚಿನ ಖರ್ಚಿಲ್ಲದೆ ಎಷ್ಟು ಜನರನ್ನು ತಲುಪುತ್ತದೆ ಎಂಬುದೇ ಗಳಿಕೆಯ ಅಂತರವನ್ನು ಹಿಗ್ಗಿಸುತ್ತದೆ ಎಂದು ಅಮೆರಿಕದ ಅರ್ಥಶಾಸ್ತ್ರಜ್ಞ ಶೆರ್ವಿನ್ ರೋಸೆನ್ 1981ರಲ್ಲಿ ವಿವರಿಸಿದರು.

ಸಂಬಳ ದೊಡ್ಡದಾಗುವ ಕಾರಣ ಇದಾದರೂ, ಅದು ನ್ಯಾಯವಾದದ್ದೇ ಎಂದು ತಿಳಿಯಲು ಆಟಗಾರನಿಂದ ತಂಡದ ಆದಾಯ ಎಷ್ಟು ಹೆಚ್ಚಿತು ಎಂದು ಲೆಕ್ಕ ಹಾಕಬೇಕು. 1974ರಲ್ಲಿ ಅರ್ಥಶಾಸ್ತ್ರಜ್ಞ ಜೆರಾಲ್ಡ್ ಸ್ಕಲ್ಲಿ ಅಮೆರಿಕದ ಬೇಸ್‌ಬಾಲ್‌ಗೆ ಈ ಲೆಕ್ಕವನ್ನು ಅನ್ವಯಿಸಿದಾಗ, ತಂಡ ಬಿಟ್ಟು ಹೋಗುವ ಹಕ್ಕಿಲ್ಲದಿದ್ದ ಒಳ್ಳೆಯ ಆಟಗಾರರು ತಾವು ತಂದುಕೊಟ್ಟ ಹಣದ ಸಣ್ಣ ಪಾಲನ್ನಷ್ಟೇ ಪಡೆಯುತ್ತಿದ್ದರೆಂಬುದು ಬಯಲಾಯಿತು. ಮರುವರ್ಷದ ಮಧ್ಯಸ್ಥಿಕೆ ತೀರ್ಪು ಆ ಕಟ್ಟನ್ನು ಸಡಿಲಿಸಿತು, ಸಂಬಳಗಳು ಏರತೊಡಗಿದವು.

ನಮ್ಮ ಲೀಗಿನ ಲೆಕ್ಕ ಇನ್ನಷ್ಟು ವಿಚಿತ್ರವಾಗಿದೆ. 2025ರ ಆವೃತ್ತಿಗಾಗಿ ಲಖನೌ ತಂಡ ರಿಷಭ್ ಪಂತ್ ಅವರನ್ನು 27 ಕೋಟಿ ರೂಪಾಯಿಗೆ ಕೊಂಡಿತು. ಆ ವರ್ಷ ಅವರ ಒಟ್ಟು ಗಳಿಕೆ 269 ರನ್, ತಂಡ ಪ್ಲೇಆಫ್ ತಲುಪಲೇ ಇಲ್ಲ. ಹರಾಜಿನಲ್ಲಿ ಗೆಲ್ಲುವವರು ಹಲವು ಬಾರಿ ವಸ್ತುವಿನ ಬೆಲೆಯನ್ನು ಎಲ್ಲರಿಗಿಂತ ಅತಿಯಾಗಿ ಅಂದಾಜಿಸಿದವರೇ ಆಗಿರುತ್ತಾರೆ. ಅದಲ್ಲದೆ 2023ರಿಂದ 2027ರವರೆಗಿನ ಪ್ರಸಾರ ಹಕ್ಕು 48,390 ಕೋಟಿಗೆ ಮೊದಲೇ ಮಾರಾಟವಾಗಿತ್ತು. ಪಂತ್ ಒಬ್ಬರು ಆಡದಿದ್ದರೂ ಆ ಮೊತ್ತ ಕುಗ್ಗುತ್ತಿರಲಿಲ್ಲ.

ಆದರೆ ಆಟಗಾರರೆಲ್ಲ ಒಟ್ಟಿಗೆ ಹಿಂದೆ ಸರಿದರೆ ಮಾರಲು ಏನೂ ಉಳಿಯದು. ಹತ್ತು ತಂಡಗಳು ಆಟಗಾರರ ಖರೀದಿಗೆ 2025ರಲ್ಲಿದ್ದ ತಲಾ 120 ಕೋಟಿಯ ಮಿತಿಯನ್ನು ಪೂರ್ತಿ ಖರ್ಚು ಮಾಡಿ, ಪಂದ್ಯ ಶುಲ್ಕವನ್ನೂ ಸೇರಿಸಿಕೊಟ್ಟರೂ, ಆ ಮೊತ್ತ ವರ್ಷದ ಪ್ರಸಾರ ಹಣವೊಂದರಲ್ಲೇ ಆರನೆಯ ಒಂದು ಪಾಲನ್ನು ದಾಟುವುದಿಲ್ಲ. ಅಮೆರಿಕದ ಎನ್‌ಬಿಎ ಬ್ಯಾಸ್ಕೆಟ್‌ಬಾಲ್‌ನಲ್ಲಿ ಆಟಗಾರರಿಗೆ ಲೀಗಿನ ಆದಾಯದ ಸುಮಾರು ಅರ್ಧದಷ್ಟು ಸಿಗುತ್ತದೆ. ಒಬ್ಬ ತಾರೆಗೆ ಅತಿಯಾಗಿ ಕೊಟ್ಟು, ಇಡೀ ಗುಂಪಿಗೆ ಕಡಿಮೆ ಕೊಡುವುದು ಒಂದೇ ಲೀಗಿನಲ್ಲಿ ಹೀಗೆ ಸಾಧ್ಯವಾಗುತ್ತದೆ. ಎನ್‌ಬಿಎಯ ಅರ್ಧ ಪಾಲು ಮಾಲೀಕರ ಔದಾರ್ಯದಿಂದ ಬಂದದ್ದಲ್ಲ. ಆಟಗಾರರ ಸಂಘ ಚೌಕಾಸಿ ಮಾಡಿ ಬರೆಸಿಕೊಂಡ ಒಪ್ಪಂದ ಅದು. ಐಪಿಎಲ್ ಆಡುವವರ ಪರವಾಗಿ ಹಾಗೆ ಚೌಕಾಸಿಗೆ ಕೂರುವ ಸಂಘವೇ ಇಲ್ಲ.