ಮನೇಂದ್ರಗಢ: ನದಿ ದಂಡೆಯಲ್ಲಿ ಸಿಕ್ಕ ಸಮುದ್ರ

ಛತ್ತೀಸ್‌ಗಢದ ಮನೇಂದ್ರಗಢದಿಂದ ಸಮುದ್ರ ನೂರಾರು ಕಿಲೋಮೀಟರ್ ದೂರ. ಆದರೂ ಅಲ್ಲಿ ಹಸ್ದೇವ್ ನದಿಯ ದಂಡೆಯ ಬಂಡೆಗಳಲ್ಲಿ ಕಡಲ ಚಿಪ್ಪುಗಳಿವೆ. 1954ರಲ್ಲಿ ಭೂವಿಜ್ಞಾನಿ ಎಸ್. ಕೆ. ಘೋಷ್ ಇದನ್ನು ಬೆಳಕಿಗೆ ತಂದರು. ವಯಸ್ಸು ಸುಮಾರು 28 ಕೋಟಿ ವರ್ಷ, ಅಂದರೆ ಪರ್ಮಿಯನ್ ಕಾಲದ ಶುರು.

ಇದರಲ್ಲಿ ಏನು ವಿಶೇಷ? ಗೊಂಡ್ವಾನ ಎಂಬ ಹಳೆಯ ಮಹಾಖಂಡದ ಕಾಲದ ಶಿಲೆಗಳು ಅಂದ ಕೂಡಲೇ ನಮಗೆ ನೆನಪಾಗುವುದು ಕಲ್ಲಿದ್ದಲು, ಗ್ಲಾಸಾಪ್ಟೆರಿಸ್ ಎಂಬ ಅಳಿದುಹೋದ ಗಿಡದ ಎಲೆ. ಅವು ಹೆಚ್ಚಾಗಿ ನದಿ, ಕೆರೆ, ಜೌಗಿನಲ್ಲಿ ಕೂತ ಮಣ್ಣು. ಅವುಗಳ ನಡುವೆ ಸಮುದ್ರದ ಪದರ ಸಿಗುವುದು ತೀರಾ ಅಪರೂಪ. ಮಧ್ಯಪ್ರದೇಶದ ಉಮರಿಯಾದಲ್ಲೂ ಇಂಥದ್ದೊಂದು ಪದರ ಇದೆ.

ಪದರಗಳನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ತಳದಲ್ಲಿ ಒಡಿಶಾದ ತಾಲ್ಚೇರ್ ಊರಿನ ಹೆಸರಿನ ಗುಂಡುಕಲ್ಲಿನ ಪದರ. ಅದರಲ್ಲಿ ದೊಡ್ಡ ಗುಂಡು, ಸಣ್ಣ ಕಲ್ಲು, ನುಣ್ಣನೆ ಮಣ್ಣು ಎಲ್ಲ ಕಲಸಿಹೋಗಿವೆ. ನದಿ ಹೀಗೆ ಮಾಡುವುದಿಲ್ಲ. ನೀರಿನ ವೇಗ ಇಳಿದಂತೆ ಮೊದಲು ಭಾರದ ಕಲ್ಲು ನಿಲ್ಲುತ್ತದೆ, ಆಮೇಲೆ ಮರಳು, ಕೊನೆಗೆ ಕೆಸರು. ಹಿಮನದಿ ಮಾತ್ರ ಹೊತ್ತು ತಂದದ್ದನ್ನೆಲ್ಲ ಕರಗಿದ ಕಡೆ ಒಟ್ಟಿಗೇ ಸುರಿಯುತ್ತದೆ. ಅಂದರೆ ಆಗ ಇಲ್ಲಿ ಹಿಮ ಇತ್ತು! ಅದರ ಮೇಲಿನ ಪದರದಲ್ಲಿ ಚಿಪ್ಪುಗಳು. ಹಿಮ ಕರಗಿ ಸಮುದ್ರದ ಮಟ್ಟ ಏರಿತು. ಹಿಮದ ಭಾರಕ್ಕೆ ಕುಗ್ಗಿದ್ದ ನೆಲ ಮೇಲೇಳಲು ಜಾಸ್ತಿ ಕಾಲ ಬೇಕು. ಆ ತಗ್ಗಿಗೆ ಕಡಲು ನುಗ್ಗಿತು. ಕಲ್ಲಿದ್ದಲಿನ ಪದರಗಳು ಬಂದದ್ದು ಅದಾದ ಮೇಲೆ.

ಈ ಚಿಪ್ಪುಗಳ ಹೆಸರುಗಳಲ್ಲಿ ಎರಡು ನೆನಪಿರಲಿ: ಯೂರಿಡೆಸ್ಮಾ, ಅವಿಕ್ಯುಲೊಪೆಕ್ಟೆನ್. ಎರಡೂ ನಮ್ಮ ಕಪ್ಪೆಚಿಪ್ಪಿನ ಹಾಗೆ ಎರಡು ಹೋಳಿನವು. ಯೂರಿಡೆಸ್ಮಾ ನನಗೆ ತುಂಬಾ ಇಷ್ಟ. ದಪ್ಪ ಚಿಪ್ಪಿನ, ತಣ್ಣೀರಿನ ಜೀವಿ ಅದು. ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾ, ಅರ್ಜೆಂಟೀನಾದಲ್ಲೂ ಸಿಗುತ್ತದೆ. ಈಗ ಇಷ್ಟು ದೂರ ದೂರ ಇರುವ ನೆಲಗಳಲ್ಲಿ ಒಂದೇ ಚಿಪ್ಪು ಹೇಗೆ ಬಂತು? ಆಗ ಅವೆಲ್ಲ ಒಂದೇ ಗೊಂಡ್ವಾನ ಖಂಡದ ಭಾಗವಾಗಿದ್ದವು, ಅಲ್ವಾ?

1982ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಈ ಜಾಗವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಘೋಷಿಸಿತು. ನಮ್ಮ ಲಾಲ್‌ಬಾಗ್ ಬಂಡೆಗೂ ಇದೇ ಮನ್ನಣೆ ಇದೆ. ಅಲ್ಲಿ ಮಾತ್ರ ಪಳೆಯುಳಿಕೆ ಹುಡುಕಬೇಡಿ. ಅದು ನೆಲದ ಆಳದಲ್ಲಿ ಬೆಂದು ರೂಪ ಬದಲಿಸಿದ ನೈಸ್ ಶಿಲೆ.

ಮನೇಂದ್ರಗಢಕ್ಕೆ ಹೋದರೆ ಚಿಪ್ಪಿನ ಕಲ್ಲನ್ನು ಸುಮ್ನೆ ನೋಡಿ, ಫೋಟೋ ತೆಗೆಯಿರಿ, ಕೀಳಬೇಡಿ. ಕಿತ್ತ ಮೇಲೆ ಅದು ಗುಂಡುಕಲ್ಲಿನ ಪದರದಿಂದ ಎಷ್ಟು ಮೇಲಿತ್ತು ಅನ್ನುವುದು ಯಾರಿಗೂ ತಿಳಿಯುವುದಿಲ್ಲ.